ಎರಡು ತಲೆಯ ಹಕ್ಕಿಗೆ ಎಷ್ಟು ಟೋಪಿ

ಡಾಲಸ್ ಪಕ್ಕದ ಯೂಲೆಸ್‌ನ ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನಲ್ಲಿ ಲವಂಗದೆಣ್ಣೆಯ ವಾಸನೆ. ಎದುರಿಗೆ ಒಬ್ಬ ದಢೂತಿ ಅಮೆರಿಕನ್, ಊದಿದ ಕೆನ್ನೆಗೆ ಐಸ್ ಪ್ಯಾಕ್ ಒತ್ತಿಕೊಂಡು ಕೂತಿದ್ದ. ನಾನು ಅವನನ್ನು ದಿಟ್ಟಿಸಬಾರದಿತ್ತು. ಯಾರನ್ನೂ ಹಾಗೆ ಸ್ಟೇರ್ ಮಾಡಬಾರದೆಂದು ಕಾನ್ವೆಂಟಿನ ಸಿಸ್ಟರ್ ಬೆರಳಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ್ದರು. ಆದರೆ ಏನು ಮಾಡಲಿ, ಅವನ ಕ್ಯಾಪಿನ ಮೇಲೆ ಗಂಡಭೇರುಂಡ ಕೂತಿತ್ತು. ನಮ್ಮದೇ ಗಂಡಭೇರುಂಡ. ಕಾಲಿಗೊಂದರಂತೆ ಎರಡು ಹಾಕಿ ಸ್ಟಿಕ್ಕು, ಎರಡು ತಲೆಗೂ ಸೇರಿ ಒಂದೇ ಕೌಬಾಯ್ ಹ್ಯಾಟು. ಆ ಒಂದು ಹ್ಯಾಟಿಗಾಗಿ ನಮ್ಮ ಡೈನಿಂಗ್ ಟೇಬಲ್ಲಿನ ಮೇಲೆ ಎಷ್ಟೋ ದಿನ ಊಟಕ್ಕೆ ಜಾಗವಿರಲಿಲ್ಲ ಎಂದರೆ ನೀವು ನಂಬುವುದಿಲ್ಲ.

ನಮ್ಮ ಯಜಮಾನರು ಹ್ಯೂಸ್ಟನ್ನಿನಲ್ಲಿ ಎಣ್ಣೆ ಕಂಪನಿಗಳಿಗೆ ಪೈಪ್‌ಲೈನಿನ ನಕ್ಷೆ ಬರೆದು ರಿಟೈರ್ ಆದವರು. "ನಾನು ಬರೆದಿದ್ದನ್ನ ನೋಡ್ಬೇಕು ಅಂದ್ರೆ ಹಾರೆ ತಗೊಂಡು ಅಗೀಬೇಕು ಕಣೆ," ಎನ್ನುತ್ತಿದ್ದರು. ತಮಾಷೆಯಾಗಿಯೇ ಹೇಳುತ್ತಿದ್ದರು, ಆದರೆ ತೀರಾ ಹೆಚ್ಚು ಸಲ ಹೇಳುತ್ತಿದ್ದರು. ಅಲ್ಲಿಯ ಕ್ಲಿಯರ್ ಲೇಕ್ ಬಡಾವಣೆಯ ಮನೆ ಮಾರಿ ಡಾಲಸ್ ಕಡೆ ಬಂದ ಮೇಲೆ ಅವರಿಗೆ ಐಸ್ ಹಾಕಿಯ ಹುಚ್ಚು ಹಿಡಿಯಿತು. ಆಟ ಅರ್ಥವಾಗಿ ಅಲ್ಲ. ಅಕ್ಟೋಬರಿನಲ್ಲೂ ಬೆವರಿಳಿಯುವ ಈ ಊರಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂರಬಹುದಾದ ಜಾಗ ಅದೊಂದೇ. ಬೆಂಗಳೂರಿನ ಡಿಸೆಂಬರನ್ನು ಟಿಕೆಟ್ಟಿನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು ಅನ್ನಿ.

ತಂಡದ ಹೆಸರು ವಲ್ಚರ್ಸ್. ದೊಡ್ಡ ಲೀಗಿಗೆ ಏರಲಾಗದವರೂ ಅಲ್ಲಿಂದ ಇಳಿದವರೂ ಸೇರಿದ ಮೈನರ್ ಲೀಗ್ ತಂಡ. ತಮ್ಮನ್ನು ತಾವೇ ರಣಹದ್ದು ಎಂದುಕೊಳ್ಳುವ ವಿನಯ ನಮ್ಮ ಕನ್ನಡ ಸಂಘದವರಿಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಗೆಲ್ಲಲು ಬಾರದ ತಂಡಗಳಿಗೆ ಲಾಂಛನದ ಚಪಲ ಹೆಚ್ಚು. ಇರುವ ಒಂದು ಲೋಗೊ ಸಾಲದೆ, ಜೆರ್ಸಿಯ ತೋಳಿಗೆ, ಕ್ಯಾಪಿಗೆ ಎಂದು ಎರಡನೆಯದೊಂದು ಬೇಕು, ಫ್ಯಾನ್‌ಗಳೇ ಬರೆದು ಕಳಿಸಿ, ಫ್ಯಾನ್‌ಗಳೇ ವೋಟು ಹಾಕಿ ಎಂದು ಸಾರಿದರು. ಬಂದವೆಲ್ಲ ಟೆಕ್ಸಸ್ ಭೂಪಟದ ಆಕಾರದ ಹದ್ದುಗಳು. ಇಲ್ಲಿಯವರು ದೋಸೆ ಹುಯ್ಯಲು ಕಲಿತರೆ ಅದನ್ನೂ ಟೆಕ್ಸಸ್ ಆಕಾರದಲ್ಲೇ ಹುಯ್ದಾರು.

ಇವರು ಬರೆದದ್ದು ಗಂಡಭೇರುಂಡ. ಹಕ್ಕಿ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಹ್ಯಾಟು ಮುಗಿಯಲಿಲ್ಲ.

"ತಲೆಗೊಂದು ಹಾಕಿ ಮುಗಿಸಿ ರೀ. ಟೇಬಲ್ ಖಾಲಿ ಆಗ್ಲಿ."

"ಎರಡು ಹ್ಯಾಟ್ ಹಾಕಿದ್ರೆ ಎರಡು ಹಕ್ಕಿ ಆಗೋಗತ್ತೆ. ಇದು ಒಂದೇ ಹಕ್ಕಿ ಕಣೆ. ಎರಡೂ ಕಡೆ ಗೋಲ್ ಇದೆ, ಒಂದು ತಲೆ ಸಾಲಲ್ಲ, ಅಷ್ಟೆ."

ಇದನ್ನು ಮೂಸಿಕೊಂಡು ಬಂದವನು ಪಕ್ಕದೂರು ಲೂಯಿಸ್‌ವಿಲ್‌ನ ಪ್ರಕಾಶ್, ನಮ್ಮ ಡಾಲಸ್ ಕನ್ನಡ ಸಂಘದ ಪ್ರೆಸಿಡೆಂಟ್. ಹುಡುಗ ಒಳ್ಳೆಯವನೇ, ಮೈಕ್ ಕೈಗೆ ಸಿಗದಿದ್ದರೆ. "ಅಂಕಲ್, ಇದು ನಿಮ್ಮೊಬ್ಬರದಲ್ಲ, ಸಮಸ್ತ ಕನ್ನಡಿಗರದು," ಎಂದ. ಹಾಗೆಂದು ಸಂಘದ ಹೆಸರಿನಲ್ಲೇ ಕಳಿಸಿಬಿಟ್ಟ. ನಿಮ್ಮ ಹೆಸರು ಹಾಕಿದರೆ ಹ್ಯೂಸ್ಟನ್ ಸಂಘದವರಿಗೆ ಬೇಜಾರಾಗುತ್ತದೆ ಎಂಬ ಸಮಾಧಾನ ಬೇರೆ. ರಾಜ್ಯೋತ್ಸವದ ಬಿಸಿಬೇಳೆಬಾತಿಗೆ ಗೋಡಂಬಿ ಬೇಕೋ ಕಡಲೆಕಾಯಿಬೀಜ ಬೇಕೋ ಎಂದು ಒಮ್ಮತಕ್ಕೆ ಬರಲಾಗದ ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳ ಮೂರು ಸಂಘಗಳು, ಹಾಕಿ ಎಂದರೇನೆಂದು ತಿಳಿಯದೆ, ಒಟ್ಟಾಗಿ ವೋಟು ಗುದ್ದಿದವು. ಗೆಲ್ಲದೆ ಇರುತ್ತದೆಯೆ?

ತಂಡದವರು ಖುಷಿಯಿಂದ ಇನ್ನೊಂದು ಕೆಲಸ ಮಾಡಿದರು. ಹಕ್ಕಿಯನ್ನು ದೊಡ್ಡದಾಗಿ ಮೈದಾನದ ನಟ್ಟನಡುವೆ ಐಸಿನಡಿಯಲ್ಲಿ ಬರೆಸಿದರು. ಹಾಕಿಯವರಲ್ಲಿ ಅದು ದೊಡ್ಡ ಗೌರವ. ಇವರು ಮಂಕಿ ಕ್ಯಾಪಿನೊಳಗಿಂದ ಅದನ್ನೇ ನೋಡುತ್ತ ಕೂತಿದ್ದರು. "ಹಾರೆ ಬೇಡ, ನೋಡು," ಎಂದರು ನನಗೆ. ಆಟ ಶುರುವಾಯಿತು. ಆಟಗಾರರು ಅದರ ಮೇಲೆ ಬ್ಲೇಡಿನ ಬೂಟಿನಲ್ಲಿ ಓಡಿದರು, ಬಿದ್ದರು, ಎದ್ದು ಉಗಿದರು.

ಮಾರನೆಯ ದಿನ ಆಸ್ಟಿನ್ನಿನ ಯಾರೋ ವಿಡಿಯೊ ಹಾಕಿದರು. ಲಾಂಛನವನ್ನು ತುಳಿಯುತ್ತಿದ್ದಾರೆ. ಸಂಜೆಯೊಳಗೆ, ವೋಟು ಹಾಕಿದ್ದವರೇ ವಿರೋಧಕ್ಕೂ ಸಹಿ ಹಾಕಿದ್ದರು. ಅಲ್ಲಿಯವರೆಗೆ ಸಮಸ್ತ ಕನ್ನಡಿಗರದಾಗಿದ್ದ ಹಕ್ಕಿ ಆಗ ಥಟ್ಟನೆ ಇವರೊಬ್ಬರದಾಯಿತು. ಪ್ರಕಾಶ್ ಮನೆಗೆ ಬಂದ, ಶೂ ಬಿಚ್ಚಿ, ಮ್ಯಾಟಿನ ಮೇಲೆ ನೀಟಾಗಿ ಜೋಡಿಸಿ.

"ಅಂಕಲ್, ಬರೆದಿದ್ದು ನೀವು. ವಾಪಸ್ ತಗೋತೀನಿ ಅಂತ ನೀವೇ ಒಂದು ಮೇಲ್ ಹಾಕ್ಬಿಡಿ. ಜನರ ಸೆಂಟಿಮೆಂಟು."

"ಊರಲ್ಲಿ ಸರ್ಕಾರಿ ಬಸ್ ಟಿಕೆಟ್ ಮೇಲೂ ಇದೆಯಲ್ಲಯ್ಯಾ ಗಂಡಭೇರುಂಡ. ಇಳಿದ ಮೇಲೆ ಟಿಕೆಟ್ನ ದೇವರ ಮನೇಲಿ ಇಟ್ಕೋತಿದ್ಯಾ?"

"ಟಿಕೆಟ್ ಬೇರೆ ಅಂಕಲ್."

"ಹೇಗೆ ಬೇರೆ?"

ಪ್ರಕಾಶ್ ನನ್ನ ಕಡೆ ತಿರುಗಿದ. "ಆಂಟಿ, ನೀವು ಕಾನ್ವೆಂಟಲ್ಲಿ ಓದಿದೋರು. ಡೀಸೆಂಟಾಗಿ ಡ್ರಾಫ್ಟ್ ಮಾಡಿಕೊಡಿ."

"ಹಕ್ಕಿ ಕೊಟ್ಟಾಯ್ತಲ್ಲಪ್ಪ, ಇಂಗ್ಲಿಷ್ ಕೊಡಲ್ಲ," ಎಂದೆ. ಕಾಫಿ ಮಾತ್ರ ಕೊಟ್ಟೆ, ಡಿಕಾಕ್ಷನ್ ತೆಳ್ಳಗೆ.

ಇವರೇ ಒಂದು ಸಾಲು ಬರೆದು ಕಳಿಸಿದರು. ತಂಡದವರು ಐಸು ಕರಗಿಸಿ, ಹಕ್ಕಿಯ ಜಾಗದಲ್ಲಿ ಸ್ಕೇಟ್ಸ್ ತೊಟ್ಟ ಒಂದು ಪಾಪಾಸುಕಳ್ಳಿಯನ್ನು ಬರೆಸಿದರು. ಕಳ್ಳಿಗೆ ಸೆಂಟಿಮೆಂಟಿನವರು ಇರಲಿಲ್ಲ. ಇವರು ಮತ್ತೆ ಆಟಕ್ಕೆ ಹೋಗಲಿಲ್ಲ. ಮಂಕಿ ಕ್ಯಾಪು ಡ್ರಾಯರಿನಲ್ಲಿ ಉಳಿಯಿತು, ಇವರು ಹೋದ ಮೇಲೂ.

ವೇಟಿಂಗ್ ರೂಮಿನಲ್ಲಿ ನಾನು ಸಿಸ್ಟರ್ ಮಾತು ಮೀರಿ ಕೇಳಿಯೇಬಿಟ್ಟೆ, ಈ ಕ್ಯಾಪ್ ಎಲ್ಲಿಯದು ಎಂದು. ಅಂಗಡಿಯದಲ್ಲವಂತೆ. ತಂಡದವರು ಕೈಬಿಟ್ಟರೂ ಹಳೆಯ ಫ್ಯಾನ್‌ಗಳು ಬಿಡಲಿಲ್ಲವಂತೆ. ತಾವೇ ಹೊಲಿಸಿಕೊಂಡು ಹಾಕುತ್ತಾರಂತೆ. ಕ್ಯಾಪನ್ನು ತೆಗೆದು ಹಕ್ಕಿಯ ಮೇಲೆ ಬೆರಳಿಟ್ಟು ತೋರಿಸಿದ. ಒಂದೇ ಹಕ್ಕಿ ಮ್ಯಾಮ್, ಅದಕ್ಕೇ ಒಂದೇ ಹ್ಯಾಟು. ಎರಡೂ ಗೋಲ್ ಕಾಯಬೇಕಲ್ಲ, ಅದಕ್ಕೆ ಎರಡು ತಲೆ. ಇದನ್ನು ಹೇಳಿದವನು ಯಾರೆಂದು ಕೇಳಿದೆ. ಹೆಸರು ಗೊತ್ತಿಲ್ಲ, ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ಮುದುಕ, ಮುಖವಷ್ಟೇ ಕಾಣುವ ಉಣ್ಣೆಯ ಟೋಪಿ ಹಾಕುತ್ತಿದ್ದ, ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ, ಎಂದ.

"ಮೈ ಹಸ್ಬೆಂಡ್," ಎಂದೆ. ಹೆಸರನ್ನೂ ಹೇಳಿದೆ, ಪೂರ್ತಿಯಾಗಿ, ಅಪ್ಪನ ಹೆಸರು ಸಮೇತ. ಅವನು ಊದಿದ ಕೆನ್ನೆಯಲ್ಲೇ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡ.

ಅಷ್ಟರಲ್ಲಿ ಒಳಗಿಂದ ನನ್ನನ್ನು ಕರೆದರು. ಅವನ ತೊಡೆಯ ಮೇಲಿದ್ದ ಕ್ಯಾಪು ಜಾರಿ ಕಾರ್ಪೆಟ್ಟಿಗೆ ಬಿತ್ತು. ಏಳುವ ಗಡಿಬಿಡಿಯಲ್ಲಿ ನನ್ನ ಕಾಲು ಅದಕ್ಕೆ ತಗುಲಿತು. ಮಂಡಿನೋವು ಮರೆತು ಬಗ್ಗಿ, ಹಕ್ಕಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇಷ್ಟು ವರ್ಷ ಪ್ರಕಾಶನನ್ನು ಯಾವುದಕ್ಕೆ ಆಡಿಕೊಂಡೆನೋ ಅದನ್ನೇ.

"ಇಟ್ಸ್ ಜಸ್ಟ್ ಎ ಕ್ಯಾಪ್, ಮ್ಯಾಮ್," ಎಂದ ಅವನು, ಗಾಬರಿಯಾಗಿ.

ಗೊತ್ತು ಎಂದು ಹೇಳಿ, ಧೂಳು ಕೊಡವಿ, ಅವನ ತಲೆಗೆ ನಾನೇ ಹಾಕಿದೆ.