ಬಿಸಿಲ ಕಟ್ಟೆಯ ಎಮ್ಮೆ ಸುದ್ದಿ

ನಿನ್ನೆ ಸಂಜೆ ಮೊಮ್ಮಗಳು ಶಾಲೆಯಿಂದ ಒಂದು ಹಾಳೆ ತಂದು ನನ್ನ ಮಡಿಲಿಗೆ ಹಾಕಿದಳು. ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಮಸಿಯ ಘಾಟು ಇನ್ನೂ ಹೋಗಿರಲಿಲ್ಲ. ಕನ್ನಡಕ ಹುಡುಕುವುದಕ್ಕೆ ಮೊದಲೇ ನಾನು ಅದನ್ನು ಮೂಸಿ ನೋಡಿದ್ದು ಕಂಡು ಅವಳು ನಕ್ಕಳು. ಚಳಿಗಾಲ ಬಂತೆಂದರೆ ಅವರ ಶಾಲೆಯಲ್ಲಿ ಇಂಥ ಹಾಳೆ ಹಂಚುತ್ತಾರಂತೆ. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ತಂದೆಗೆ ಧಾರವಾಡಕ್ಕೆ ವರ್ಗವಾಯಿತು, ಯಾರ ಸೋದರತ್ತೆಯ ಮದುವೆ, ಹೀಗೆ ಮಕ್ಕಳ ಮನೆಮನೆಯ ಸುದ್ದಿ. ಮುಂದಿನ ಹಾಳೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಸುದ್ದಿ ಬರೆದು ತರಬೇಕೆಂದು ಕೊನೆಯಲ್ಲಿತ್ತು.

“ನಮ್ಮನಿ ಸುದ್ದಿ ಏನ ಬರೀಲಿ ಅಜ್ಜಿ?” ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ಸೊಸೆಯ ಉತ್ತರ ಬಂತು. “ಹೊಸಾ ಮಿಕ್ಸರ್ ತಂದೀವಿ ಅಂತ ಬರಿ.”

ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿಯೊಂದಿದೆ. ಸೊಸೆಗೂ ಗೊತ್ತು. ಮಕ್ಕಳ ಹಾಳೆಗೆ ಅದೇಕೆ ಎಂಬುದು ಅವಳ ಎಣಿಕೆ. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಏಕೆಂದರೆ ಆ ಮಿಕ್ಸರನ್ನು ನಾನು ಹಿಂದೆಯೂ ನೋಡಿದ್ದೇನೆ. ಆಗ ಅದಕ್ಕೆ ನಾಲ್ಕು ಕಾಲು, ಎರಡು ಕೋಡು ಇದ್ದವು.

ನೀವು ಖಾನಾಪುರದ ಚಳಿಯನ್ನು ಕಂಡಿದ್ದೀರೋ ಇಲ್ಲವೋ ನನಗೆ ತಿಳಿಯದು. ಬೆಳಗಾವಿಯವರಿಗೆ ತಮ್ಮ ಚಳಿಯ ಬಗ್ಗೆ ದೊಡ್ಡ ಜಂಬ. ಇಲ್ಲಿಗೆ ಸೊಸೆಯಾಗಿ ಬಂದು ಇಲ್ಲಿಯೇ ಮುದುಕಿಯಾದ ನಾನೂ ಈಗ ಅದೇ ಜಂಬ ಕೊಚ್ಚುತ್ತೇನೆ. ಆದರೆ ನಾನು ಹುಟ್ಟಿದ ಖಾನಾಪುರದ್ದು ಬೇರೆಯೇ ಜಾತಿಯ ಚಳಿ. ಮಲಪ್ರಭೆಯ ಮೇಲಿಂದ ಎದ್ದ ಮಂಜು ಊರೊಳಗೆ ಬಂದು, ಕರೆಯದೆ ಬಂದ ಬೀಗರ ಹಾಗೆ ಕೂತುಬಿಡುತ್ತಿತ್ತು. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ. ನಮ್ಮ ಹೆಣ್ಣುಮಕ್ಕಳ ಶಾಲೆ ಎಂದರೆ ಹಂಚಿನ ಒಂದು ಕೋಣೆ. ಸಾರಿಸಿದ ನೆಲ ಬೆಳಗಿನಲ್ಲಿ ಕಾಲು ಕಚ್ಚುತ್ತಿತ್ತು. ಬೆರಳು ಸೆಟೆದು ಬಳಪ ಹಿಡಿಯಲು ಬರುತ್ತಿರಲಿಲ್ಲ. ಆದ್ದರಿಂದ ಅಕ್ಕೋರು ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಬಿಸಿಲಿಗೆ ಕಾಯುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರು ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮುಂದೆ ಓದಿ, ನಮ್ಮೂರಿಗೆ ಬಂದವರು. ತೆಳ್ಳಗೆ, ಕಡ್ಡಿಯಂತಿದ್ದರು, ದನಿ ಮಾತ್ರ ಸಂತೆಗೆ ಸಾಕಾಗುವಷ್ಟು.

ಬಿಸಿಲು ಬರುವ ತನಕ ಸುಮ್ಮನೆ ಕೂತರೆ ಹಲ್ಲು ಕಟಕಟ ಎನ್ನುತ್ತವಲ್ಲ, ಅದಕ್ಕೆ ಅವರು ಕಂಡುಕೊಂಡ ಉಪಾಯ ‘ಮನಿ ಸುದ್ದಿ’. ಒಬ್ಬೊಬ್ಬಳೂ ಎದ್ದು ನಿಂತು ತನ್ನ ಮನೆಯ ಒಂದು ಸುದ್ದಿ ಹೇಳಬೇಕು. ಅದು ಮುಗಿದೊಡನೆ ಉಳಿದವರೆಲ್ಲ ಒಟ್ಟಿಗೆ “ಕೇಳಿದ್ವಿ” ಎನ್ನಬೇಕು. ಅಷ್ಟೇ. ನಗುವಂತಿಲ್ಲ, ಅಯ್ಯೋ ಎನ್ನುವಂತಿಲ್ಲ, ಯಾಕೆಂದು ಕೇಳುವಂತಿಲ್ಲ. ಮರಾಠಿ ಮನೆಯ ಹುಡುಗಿಯರು “ಆಮ್ಚ್ಯಾ ಘರೀ ಪಾವಣೆ ಆಲೇತ” ಎಂದು ನೆಂಟರು ಬಂದ ಸುದ್ದಿ ಹೇಳಿದರೆ “ಐಕ್ಲಂ” ಎನ್ನುತ್ತಿದ್ದೆವು. ಹೇಳಿದವರ ಮಾತಿನಲ್ಲೇ ಕೇಳಿದವರ ಉತ್ತರ.

“ಜಾಂಬೋಟಿಯಾಗ ನಮ್ಮ ಕಾಕಾನ ಭತ್ತದ ಬಣವಿ ಹಂದಿ ಕೆದರ್ಯಾವ.” ಕೇಳಿದ್ವಿ.

“ಅಪ್ಪ ಬೆಳಗಾವಿಂದ ಶಾಲು ತಂದಾನ. ಬಣ್ಣ ಸೇರಲಿಲ್ಲಂತ ಅವ್ವ ಅವನ ಸಂಗತಿ ಮಾತಾಡವಲ್ಲಳು.” ಕೇಳಿದ್ವಿ.

ಊರಿನ ದೊಡ್ಡವರಿಗೆ ಈ ಪದ್ಧತಿ ಬಿಸಿ ತುಪ್ಪವಾಯಿತು. ಹೆಣ್ಣುಮಕ್ಕಳು ಓದು ಕಲಿಯಲೆಂದು ಕಳಿಸಿದರೆ ಮನೆಯ ಕದವನ್ನೇ ಕಟ್ಟೆಗೆ ಹೊತ್ತುಕೊಂಡು ಹೋಗುತ್ತಾರೆಂದು ಗೊಣಗಿದರು. ಆದರೆ ನೆರೆಮನೆಯ ಸುದ್ದಿ ಯಾರಿಗೆ ಬೇಡ? ಶಾಲೆ ಬಿಡಿಸುವ ಮಾತನ್ನು ಯಾರೂ ಆಡಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಆ ಚಳಿಗಾಲ ಸುದ್ದಿಗೆ ಕಾವಲು ಬಿತ್ತು. ನಮ್ಮದು ಜೈನರ ಮನೆ, ಅಪ್ಪನದು ಭತ್ತದ ವ್ಯಾಪಾರ. ಮನೆ ನಡೆಯುತ್ತಿದ್ದದ್ದು ಅಪ್ಪನ ತಾಯಿ, ನಮ್ಮ ಆಯಿಯ ಮಾತಿನಂತೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಹೊತ್ತು ಮುಳುಗುವುದಕ್ಕೆ ಮುಂಚೆ ಊಟ ಮುಗಿಸಿ ಎಲೆ ಎತ್ತುತ್ತಿದ್ದಾಗ, ನನ್ನ ಅಕ್ಕ ಪದ್ಮಕ್ಕ ಒಂದು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೆಳಗಾವಿಯ ಅನಗೋಳಕ್ಕೆ ಕೊಟ್ಟ ಮಗಳು. ಮಕ್ಕಳಾಗಲಿಲ್ಲವೆಂದು ಅತ್ತೆಯ ಮನೆಯವರು ರೈಲು ಹತ್ತಿಸಿ ಕಳಿಸಿದ್ದರು. ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ಅಲ್ಲಿ ನಡೆದಿತ್ತು. ಆಗ ಪದ್ಮಕ್ಕನಿಗೆ ಹದಿನೇಳಿರಬಹುದು.

ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಜೈನರ ನೇಮದಂತೆ ಅವಳು ಇನ್ನು ಉಣ್ಣುವಂತಿರಲಿಲ್ಲ. ಅವ್ವ ಬರೀ ನೀರನ್ನೂ ಕೊಡಲಾಗದೆ ಅವಳ ಕೈ ಹಿಡಿದು ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಯಿ ತೀರ್ಮಾನ ಕೊಟ್ಟಳು. “ಸಂಕ್ರಾಂತಿ ಆದ ಮ್ಯಾಲೆ ನಾನ ಕರಕೊಂಡ ಹೋಗಿ ಬಿಟ್ಟ ಬರ್ತೀನಿ. ಅಲ್ಲೀತನಾ ಈಕಿ ಬಂದಿದ್ದು ಹೊಸ್ತಲಾ ದಾಟಬಾರದು.”

ಹೊಸ್ತಿಲಿಗಿಂತ ದೊಡ್ಡ ಅಪಾಯ ನಾನೇ. ಹಾಗಾಗಿ ದಿನಾ ಮುಂಜಾನೆ ರೊಟ್ಟಿಯ ಜೊತೆಗೆ ಆಯಿ ನನಗೆ ಸುದ್ದಿಯನ್ನೂ ಕೊಡತೊಡಗಿದಳು. ಮೊದಲ ದಿನ, ಎಮ್ಮೆ ಕರು ಹಾಕಿದೆ. ಅದು ಖರೇ. ಮರುದಿನ ಎಮ್ಮೆಗೆ ನೆಗಡಿ. ಆಮೇಲೆ ಎಮ್ಮೆಯ ಕೊರಳ ಗಂಟೆ ಬಿತ್ತು. ಗಂಟೆ ಸಿಕ್ಕಿತು. ಎಮ್ಮೆ ಹಿಂಡಿ ಒಲ್ಲೆ ಎಂದಿತು. ನಾನು ಎದ್ದು ನಿಂತರೆ ಸಾಕು, ನಗಬಾರದೆಂಬ ನಿಯಮಕ್ಕೆ ಹೆದರಿ ಹುಡುಗಿಯರು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಸಂತೆಯಲ್ಲಿ ಜನ ಅಪ್ಪನನ್ನು ನಿಲ್ಲಿಸಿ “ಎಮ್ಮಿ ನೆಗಡಿ ಕಡಿಮಿ ಆತೇನ್ರಿ ಅಣ್ಣಾರ?” ಎಂದು ಕೇಳುತ್ತಿದ್ದರು. ಜಾಂಬೋಟಿಯಿಂದ ಒಬ್ಬ ರೈತ ಆ ಹೆಸರಾಂತ ಎಮ್ಮೆಯನ್ನು ಕೊಳ್ಳಲೆಂದೇ ಬಂದುಬಿಟ್ಟ. ಅಪ್ಪ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ.

ಮನೆಯೊಳಗೆ ಮಾತ್ರ ನಗುವಂಥದು ಏನೂ ಇರಲಿಲ್ಲ. ಪದ್ಮಕ್ಕ ಹಿಂದಿನ ಕತ್ತಲೆಯ ಕೋಣೆಯಲ್ಲಿ ಶೇಗಡಿಯ ಕೆಂಡದ ಮುಂದೆ ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಅಂಗಳದಲ್ಲಿ ಬಿಸಿಲು ಬಿದ್ದಿರುತ್ತಿತ್ತು, ಅವಳಿಗೆ ಅಲ್ಲಿ ಜಾಗವಿರಲಿಲ್ಲ. ನಾನು ಶಾಲೆಯಿಂದ ಬಂದೊಡನೆ “ಇವತ್ತ ಏನೇನ ಸುದ್ದಿ?” ಎನ್ನುತ್ತಿದ್ದಳು. ಶಾಲು, ಹಂದಿ, ನೆಂಟರು, ಹಲ್ಲುನೋವು ಎಲ್ಲ ಒಪ್ಪಿಸುತ್ತಿದ್ದೆ. ಒಂದೊಂದಕ್ಕೂ ಸೂಜಿ ನಿಲ್ಲಿಸಿ, ನನ್ನ ಮುಖ ನೋಡಿ, “ಕೇಳಿದೆ” ಎನ್ನುತ್ತಿದ್ದಳು. ಎಮ್ಮೆಯ ಸುದ್ದಿಗೂ ಅಷ್ಟೇ ಮರ್ಯಾದೆಯಿಂದ.

ಸಂಕ್ರಾಂತಿಯ ಹಿಂದಿನ ದಿನ ಟ್ರಂಕು ಕಟ್ಟಿ ಆಗಿತ್ತು. ಹಬ್ಬದ ಮರುದಿನ ಪ್ರಯಾಣ. ಅಂದು ನನ್ನ ಸುದ್ದಿಗಳೆಲ್ಲ ಮುಗಿದ ಮೇಲೆ ಪದ್ಮಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ನಾಳಿ ಹಬ್ಬಕ್ಕ ನಿಮಗ ಸಾಲಿ ಐತೇನ?”

“ಮುಂಜಾನೆ ಅಷ್ಟ. ಎಳ್ಳು ಹಂಚೂದೈತಿ.”

“ಹಂಗಾರ ನಾಳಿ ನನ್ನ ಸುದ್ದಿ ಹೇಳ್ತಿಯೇನ?”

“ಆಯಿ ಬಡೀತಾಳ ಅಕ್ಕಾ.”

“ನಾ ಹೇಳಂದಿದ್ದೆ ಅನ್ನು. ಬಡದರ ನನ್ನ ಬಡೀಲಿ.” ಕೌದಿಯನ್ನು ಮಡಚಿ ಬದಿಗಿಟ್ಟು ಅವಳೇ ಮುಂದುವರಿಸಿದಳು. “ಆ ಮನ್ಯಾಗ ನಾ ಏನ ಅಂದರೂ ಒಬ್ಬರೂ ಒಂದ ಸರ್ತಿನೂ ಕೇಳಿದೆ ಅನ್ನಲಿಲ್ಲ ತಂಗಿ. ನಾ ಅಲ್ಲಿ ಹೋಗಾಂಗಿಲ್ಲ.”

“ಏನಂತ ಹೇಳ್ಲಿ?”

“ಪದ್ಮಕ್ಕ ಬಂದಾಳ, ಇಲ್ಲೇ ಇರತಾಳ ಅಂತ ಹೇಳು. ಅಷ್ಟ ಸಾಕು.”

ಮರುದಿನ ಆಯಿ ಕೊಟ್ಟದ್ದು ಎಮ್ಮೆಗೆ ಹಬ್ಬದ ಸ್ನಾನದ ಸುದ್ದಿ. ಕಟ್ಟೆಯ ಮೇಲೆ ನನ್ನ ಸರದಿ ಬಂದಾಗ ಸೆರಗುಗಳು ಆಗಲೇ ಬಾಯಿಗೆ ಹೋಗಿದ್ದವು. “ನಮ್ಮ ಪದ್ಮಕ್ಕ ಬಂದಾಳ. ಇಲ್ಲೇ ಇರತಾಳ” ಎಂದೆ.

ಯಾರೂ ಬಾಯಿ ಬಿಡಲಿಲ್ಲ. ಅಷ್ಟು ಸಣ್ಣ ಹುಡುಗಿಯರಿಗೂ ಅದರ ತೂಕ ತಿಳಿದಿತ್ತು. ಆ ಮೌನದಲ್ಲಿ ಅಕ್ಕೋರು ತಾವೊಬ್ಬರೇ, ತಮ್ಮ ಸಂತೆಯ ದನಿಯನ್ನು ಬಿಟ್ಟು ಮೆಲ್ಲಗೆ, “ಕೇಳಿದ್ವಿ” ಎಂದರು. ಆಮೇಲೆ ಇಡೀ ಕಟ್ಟೆ ಎಂದಿತು.

ಹೊತ್ತು ನೆತ್ತಿಗೆ ಬರುವುದರೊಳಗೆ ಸುದ್ದಿ ಊರೆಲ್ಲ ಹರಡಿತು. ಬೇರೆ ದಿನವಾಗಿದ್ದರೆ ಆಯಿ ಬಾಗಿಲು ಹಾಕಿ ಗೆಲ್ಲುತ್ತಿದ್ದಳೋ ಏನೋ. ಆದರೆ ಸಂಕ್ರಾಂತಿಯ ದಿನ ಎಳ್ಳು ಹಿಡಿದು ಬಂದವರನ್ನು ತಿರುಗಿಸಿ ಕಳಿಸುವ ಮನೆ ನಮ್ಮ ಸೀಮೆಯಲ್ಲಿಲ್ಲ. ಸಂಜೆಗೆ ಮುಂಚೆಯೇ ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಬಾಜು ಮನೆಯ ಮರಾಠಿ ಕಾಕು, ಅವರ ಹಿಂದೆ ಅಕ್ಕೋರು. ಕಾಕು ಕುಸುರೆಳ್ಳಿನ ಬಟ್ಟಲು ಹಿಡಿದು, “ಪದ್ಮಾ ಬಂದಾಳಂತಲ್ಲರೀ, ಎಲ್ಲದಾಳ? ಆಕಿ ಕೈಯಾಗ ಎಳ್ಳ ಕೊಡಬೇಕು” ಎಂದರು.

ಆಯಿ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ನನಗೆ ಈ ವಯಸ್ಸಿನಲ್ಲೂ ಧೈರ್ಯವಿಲ್ಲ. ನಾನು ಅಕ್ಕ ಹೇಳಿಕೊಟ್ಟಂತೆ “ಆಕಿನ ಹೇಳಂದಳು” ಎಂದೆ. ಆಯಿ ಕಾಕುವಿನ ಕೈಯ ಬಟ್ಟಲನ್ನೂ ಹಿಂದೆ ನಿಂತ ಹೆಂಗಸರನ್ನೂ ನೋಡಿದಳು. ಕೊನೆಗೆ ಒಳಗೆ ತಿರುಗಿ ಕರೆದಳು. “ಪದ್ಮಾ, ಹೊರಗ ಬಾ. ಮಂದಿ ಬಂದಾರ.”

ಪದ್ಮಕ್ಕ ಬಂದಳು. ಇಳಿಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತು ಒಬ್ಬೊಬ್ಬರಿಂದಲೂ ಎಳ್ಳು ತಗೊಂಡಳು. ಅಕ್ಕೋರು ಅವಳ ತೋಳಿನ ಮೇಲಿದ್ದ ಕೌದಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, “ನಮ್ಮ ಹುಡುಗ್ಯಾರಿಗೆ ಇದನ್ನ ಕಲಿಸಾಕ ಬಾ. ಅಲ್ಲಿ ಬಿಸಲ ಚೊಲೊ ಬೀಳತೈತಿ” ಎಂದರು.

ಎಲ್ಲ ಸಲೀಸಾಯಿತೆಂದು ತಿಳಿಯಬೇಡಿ. ಆಯಿ ಬೇಸಿಗೆ ಬರುವ ತನಕ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಅನಗೋಳದಲ್ಲಿ ಅಕ್ಕನ ಗಂಡನಿಗೆ ಬೇಗನೆ ಬೇರೆ ಮದುವೆಯಾಯಿತು. ಆ ದಿನ ಪದ್ಮಕ್ಕ ಊಟ ಬಿಟ್ಟಳು. ಆದರೆ ಟ್ರಂಕು ಬಿಚ್ಚಿತು. ಅವಳು ಮುಂದೆ ಪರೀಕ್ಷೆ ಕಟ್ಟಿ, ಅದೇ ಶಾಲೆಯಲ್ಲಿ ತಾನೇ ಅಕ್ಕೋರಾಗಿ, ಆ ಕಟ್ಟೆಯ ಮೇಲೆ ಎಷ್ಟೋ ಮನೆಗಳ ಸುದ್ದಿ ಕೇಳಿದಳು.

ನಾನು ಆಗಲೇ ಹೇಳಿದ ದೊಡ್ಡ ಸುದ್ದಿ ಇಷ್ಟೇ. ಹೋದ ತಿಂಗಳು ಪದ್ಮಕ್ಕ ತೀರಿಹೋದಳು. ಮಾತಾಡಿಸಲು ಬಂದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು. ವಯಸ್ಸಾಗಿತ್ತು ಬಿಡ್ರಿ, ಪುಣ್ಯವಂತಿ, ಅಳಬ್ಯಾಡ್ರಿ ಎಂದರು. ನಾನೂ ಹೌದೆಂದು ತಲೆಯಾಡಿಸಿ, ಅಳದೆ, ಬಂದವರಿಗೆ ಚಹಾ ಮಾಡಿಸಿದೆ.

ನಿನ್ನೆ ಮೊಮ್ಮಗಳಿಗೆ ಈ ಕತೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಡುಗೆಮನೆಯ ಸಪ್ಪಳ ನಿಂತಿದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಮೊಮ್ಮಗಳು ನಾಲಗೆ ಹೊರಗೆ ಚಾಚಿ ಬರೆದಳು, ಬರೆದು ಗಟ್ಟಿಯಾಗಿ ಓದಿದಳು. “ನಮ್ಮ ಪದ್ಮಜ್ಜಿ ತೀರಿಕೊಂಡರು. ಅವರು ಖಾನಾಪುರದ ಶಾಲೆಯಲ್ಲಿ ಅಕ್ಕೋರಾಗಿದ್ದರು.”

ಓದಿ ಮುಗಿಸಿ ನನ್ನ ಮುಖ ನೋಡಿದಳು. ಆಗ ಸೊಸೆ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಕೇಳಿದೆ ಅತ್ತೀ” ಎಂದಳು.

ಅಕ್ಕ ಹೋದ ಮೇಲೆ ನಾನು ಮನಸಾರೆ ಅತ್ತದ್ದು ಆಗಲೇ.