ಅತ್ತೆ ಕೊಟ್ಟ ಪಡ್ಡಿನ ಹಂಚು, ನಾನು ಮಾಡಿದ ರಿಪೇರಿ

ಸಂಸಾರದಲ್ಲಿ ಹುಳಿ ಹಿಂಡುವುದು ಅನ್ನುತ್ತಾರಲ್ಲ, ಅದನ್ನು ನಾನು ಕಳೆದ ತಿಂಗಳು ಅತ್ತೆಯ ಊರು ಇಂಡಿಯ ನಿಂಬೆಹಣ್ಣಿನಿಂದಲೇ ಮಾಡಿದೆ. ಒಂದಲ್ಲ ಎರಡಲ್ಲ, ನಲವತ್ತು ಹಣ್ಣು. ಖುದ್ದು ಕೂತು ಹಿಂಡಿದ್ದು. ಅಂಗೈ ಎರಡು ದಿನ ಉರಿಯಿತು.

ಶುರುವಾದದ್ದು ಬಸವನ ಬಾಗೇವಾಡಿಯ ಒಂದು ಗುಜರಿ ಅಂಗಡಿಯಲ್ಲಿ. ಬಸ್ಸಿಗೆ ಕಾಯುತ್ತ ಸುಮ್ಮನೆ ಇಣುಕಿದೆ. ತುಕ್ಕು ಹಿಡಿದ ದೋಸೆ ಹಂಚೊಂದು ಕಂಡಿತು. ಎತ್ತಲು ಹೋದರೆ ಏಳಲೊಲ್ಲದು. ಬೀಡಿನದು! (ಬೀಡು ಅಂದರೆ ಎರಕದ ಕಬ್ಬಿಣ. ನಾನ್‌ಸ್ಟಿಕ್ ಮಂದಿಗೆ ಇದನ್ನೂ ಹೇಳಬೇಕಾಗಿದೆ.) ಮನೆಗೆ ತಂದು, ಫೋನಿನಲ್ಲಿ ವಿಡಿಯೊ ನೋಡಿ, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ವಾರವಿಡೀ ಕುಸುಬಿ ಎಣ್ಣೆ ಸವರಿ ಸವರಿ ಕಾಯಿಸಿದೆ. ದೋಸೆ ಅಂಟದೆ ಎದ್ದಿತು.

ಅಷ್ಟು ಸಾಕಾಯಿತು, ನಾನು ಎಕ್ಸ್‌ಪರ್ಟ್ ಆಗಿಬಿಟ್ಟೆ. ಯಾರ ಮನೆಗೆ ಹೋದರೂ ನೆಟ್ಟಗೆ ಅಡುಗೆಮನೆಗೆ ನುಗ್ಗುವುದು, ಹಂಚು ಮಗುಚಿ ಬೆನ್ನು ನೋಡುವುದು. ಮರಳು ಮರಳಾಗಿದ್ದರೆ ಬೀಡು, ನುಣ್ಣಗಿದ್ದರೆ ತಗಡು. ಎರಕ ಹೊಯ್ದ ಜಾಗದಲ್ಲಿ ಗೆರೆಯಂಥ ಗುರುತು ಉಳಿದಿದ್ದರೆ ಬಹಳ ಹಳೆಯದು. ಮುದ್ದೇಬಿಹಾಳದ ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕಂಡರೆ ಹಂಚು ಬಚ್ಚಿಡತೊಡಗಿದರು.

ಇಷ್ಟರಲ್ಲಿ ಹೆಂಡತಿ ಶೈಲಾ ತನ್ನ ಅಕ್ಕನ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆಂದು ಸಿಂದಗಿಗೆ ಹೋದಳು. ಎರಡು ದಿನ ಮನೆಯಲ್ಲಿ ನಾನೊಬ್ಬನೇ. ಕೈ ತುರಿಸಿತು. ಮನೆಯಲ್ಲಿ ಉಳಿದಿದ್ದ ಬೀಡಿನ ಸಾಮಾನು ಒಂದೇ, ಅವಳ ಪಡ್ಡಿನ ಹಂಚು. ಏಳು ಕುಳಿಯದು. ನಾವು ಸಂಸಾರ ಹೂಡಿದಾಗ ಅವಳ ಅವ್ವ ತಾನು ಬಳಸುತ್ತಿದ್ದ ಹಂಚನ್ನೇ ಇಂಡಿಯಿಂದ ಹೊತ್ತು ತಂದು ಕೊಟ್ಟಿದ್ದರು. ಕುಳಿಯೊಳಗೆಲ್ಲ ಕರ್ರನೆಯ ದಪ್ಪ ಪದರ. ಥೂ, ಎಷ್ಟು ವರ್ಷದ ಕೊಳೆಯೋ! ತೆಗೆದು ಸರ್‌ಪ್ರೈಸ್ ಕೊಡೋಣ ಅಂದುಕೊಂಡೆ. ಇಂಥ ಬುದ್ಧಿ ಗಂಡಸರಿಗೆ ಹೆಂಡತಿ ಊರಲ್ಲಿ ಇಲ್ಲದಾಗಲೇ ಏಕೆ ಬರುತ್ತದೆ?

ಸಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಸುಟ್ಟೆ. ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಅಂದ ವಿಡಿಯೊದವನು. ವಿನೆಗರ್ ಎಲ್ಲಿ ಹುಡುಕುವುದು? ಅತ್ತೆಯ ತೋಟದ ನಿಂಬೆಹಣ್ಣು ಚೀಲದ ತುಂಬ ಬಿದ್ದಿತ್ತು. ನೀರಾದರೂ ಏಕೆ, ನಮ್ಮದೇ ಹಣ್ಣು! ಬರೀ ರಸದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನೆನೆಸಿದೆ. ಉಜ್ಜಿ ತೊಳೆದರೆ ಹಂಚು ಹೊಸ ಮೊಳೆಯ ಹಾಗೆ ಬೂದುಬಣ್ಣ. ಮೇಲೊಂದು ಕೈ ಎಣ್ಣೆ ಸವರಿ ಒಲೆಕಟ್ಟೆಯ ಮೇಲಿಟ್ಟು ಕಾದೆ.

ಶೈಲಾ ಬಂದಳು. ತೊಟ್ಟಿಲಿಗೆ ಬಂದಿದ್ದ ಅತ್ತೆಯೂ ಜೊತೆಗೇ ಬಂದರು. ಒಳಗೆ ಹೋದ ಶೈಲಾ ಹಂಚಿನ ಮುಂದೆಯೇ ನಿಂತು ಕೇಳಿದಳು:

“ನನ್ನ ಹಂಚ ಎಲ್ಲೈತ್ರಿ?”

ಇದೇ ಅಲ್ಲವೇನೇ ಅಂದೆ. ಅವಳು ಒಂದೊಂದೇ ಕುಳಿಯಲ್ಲಿ ಬೆರಳಾಡಿಸಿದಳು. ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಹಿಟ್ಟು ಹೊಯ್ದರೆ ಒಂದೇ ಒಂದು ಪಡ್ಡು ಏಳಲಿಲ್ಲ. ಕೆರೆದು ತೆಗೆದದ್ದನ್ನು ಉಪ್ಪಿಟ್ಟು ಅಂದುಕೊಂಡು ತಿಂದೆವು. ಅತ್ತೆ ಸಮಾಧಾನವಾಗಿಯೇ ತಿಳಿಸಿ ಹೇಳಿದರು. ಅದು ಕೊಳೆಯಲ್ಲ, ಎಣ್ಣೆ ಕುಡಿದು ಕುಡಿದು ಕೂತ ಪದರ, ಅದಿದ್ದರೇ ಪಡ್ಡು ಏಳುವುದು, ಇಪ್ಪತ್ತು ವರ್ಷ ತಾವು ಕೂಡಿಸಿದ್ದು, ಮೂವತ್ತು ವರ್ಷ ಮಗಳು. ಅಯ್ಯೋ ಶಿವನೇ! ಅದೇ ಪದರ ಬರಲಿ ಎಂದು ಗುಜರಿ ಹಂಚಿಗೆ ವಾರವಿಡೀ ಎಣ್ಣೆ ಕುಡಿಸಿದವನು ನಾನೇ. ನನ್ನ ಹಂಚಿನ ಮೇಲೆ ಬಂದರೆ ಕಲೆ, ಹೆಂಡತಿಯ ಹಂಚಿನ ಮೇಲಿದ್ದರೆ ಕೊಳೆ!

ನಾಚಿಕೆಯಾಗಿ, ಹೊಸದು ತಂದುಕೊಡುತ್ತೇನೆ ಅಂದೆ.

“ಹೊಸಾದು ಬ್ಯಾಡ್ರಿ ಅಳಿಯಾರ. ಕೆಡಿಸಿದವರ ಕೈಲೇ ಇದು ಸುಧಾರಿಸ್ಬೇಕು. ದಿನಾ ಮುಂಜಾನೆ ನೀವ ಹೊಯ್ರಿ” ಅಂದರು ಅತ್ತೆ.

ಅಲ್ಲಿಂದ ನನ್ನ ವನವಾಸ ಶುರು. ಬೆಳಿಗ್ಗೆ ಎದ್ದು, ಅರ್ಧ ಉಳ್ಳಾಗಡ್ಡಿ ಎಣ್ಣೆಯಲ್ಲಿ ಅದ್ದಿ ಕುಳಿಕುಳಿಗೂ ತಿಕ್ಕುವುದು, ಹಿಟ್ಟು ಹೊಯ್ಯುವುದು, ಕೆರೆಯುವುದು, ಕೆರೆದದ್ದನ್ನು ತಿನ್ನುವುದು. (ಶುಗರ್ ನೋಡುವ ಡಾಕ್ಟರಿಗೆ ಇದನ್ನು ಹೇಳಿಲ್ಲ.) ಅತ್ತೆ ಊರಿಗೆ ಮರಳಿದ ಮೇಲೂ ಫೋನ್ ಮಾಡಿ ಎಷ್ಟು ಎದ್ದವು ಎಂದು ವಿಚಾರಿಸುತ್ತಿದ್ದರು. ಶೈಲಾ ಮಾತ್ರ ಹಂಚಿನ ಮಾತು ತೆಗೆದರೆ ಎದ್ದು ಹೋಗುತ್ತಿದ್ದಳು.

ಹತ್ತೊಂಬತ್ತನೆಯ ದಿನ, ಅಂದರೆ ಮೊನ್ನೆ ಸೋಮವಾರ, ನಡುವಿನ ಕುಳಿಗೆ ಚಮಚ ತಾಗಿಸಿದ್ದೇ ತಡ, ಪಡ್ಡು ತಾನಾಗಿಯೇ ತಿರುಗಿತು. ಕೆಂಪಗೆ, ದುಂಡಗೆ, ಒಂದು ಚೂರೂ ಅಂಟದೆ! ಕುಣಿದುಬಿಟ್ಟೆ. ಎಡದಿಂದ ಒಂದು, ಬಲದಿಂದ ಒಂದು ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ನಿಮಿಷದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಶೈಲಾಳನ್ನು ಕೂಗಿ ಕರೆದು ಫೋನ್ ಮುಂದೆ ಹಿಡಿದೆ.

ಅವಳು ಫೋನ್ ನೋಡಲಿಲ್ಲ. ಹಂಚು ನೋಡಿದಳು. ಆ ಪಡ್ಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು. ಚಲೋ ಆಗೈತಿ ಅನ್ನುತ್ತಾಳೆಂದು ನಾನು ಕಾಯುತ್ತ ನಿಂತೆ.

“ಮೂವತ್ತು ವರ್ಷ ಇದರಾಗ ಪಡ್ಡು ಎಬ್ಬಿಸೇನಿ. ಒಮ್ಮ್ಯಾರ ಫೋಟೊ ತಗದಿದ್ರೇನ್ರಿ?”