ಸಗಣಿ ಸುಡುವ ಮನೆ

ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ತೋಟಕ್ಕೆ ಕರೆದೊಯ್ದು, ಮಣ್ಣು ಮುಟ್ಟಿಸಿ, ಎರೆಹುಳ ತೋರಿಸಿ, ಭೂಮಿಯನ್ನು ಹೇಗೆ ಉಳಿಸಬೇಕೆಂದು ಪಾಠ ಹೇಳುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವರು ಹೇಳುವುದೆಲ್ಲ ಸುಳ್ಳು ಎಂದು ನನ್ನ ತಕರಾರಿಲ್ಲ. ಆದರೆ ತಮ್ಮ ಮಧ್ಯಾಹ್ನದ ಊಟ ಯಾವ ಒಲೆಯ ಮೇಲೆ ಬೆಂದು ಬಂತು ಎಂದು ಅವರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯದೇ ಅಂಥದೊಂದು ತೋಟವಿತ್ತು. ಎಂಬತ್ತರ ದಶಕದ ಕೊನೆಗೆ ಶುರುವಾಗಿ ತೊಂಬತ್ತರ ದಶಕದಲ್ಲೂ ಬಹಳ ವರ್ಷ ನಡೆಯಿತು. ಅಲ್ಲಿಗೆ ಕಲಿಯಲು ಬಂದವರಿಗೆಲ್ಲ ಬೇಯಿಸಿ ಹಾಕಿದವಳು ನಾನು.

ನಾನು ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು, ಮ್ಯಾಟ್ರಿಕ್ ಪಾಸಾದವಳು. ಸದಲಗಾ ಹತ್ತಿರ, ದೂಧಗಂಗಾ ದಂಡೆಯ ಕಬ್ಬಿನ ಮನೆಗೆ ಕೊಟ್ಟರು. ಮನೆಯಲ್ಲಿ ಅತ್ತೆ, ನನ್ನ ಗಂಡ ಮತ್ತು ಗಂಡನ ಅಣ್ಣ. ಭಾವನವರು ಚಿಕ್ಕೋಡಿಯ ಶಾಲೆಯೊಂದರಲ್ಲಿ ಮಾಸ್ತರರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಜಮಾನಿಕೆ ಅವರದು. ನನ್ನ ಗಂಡನಿಗೆ ಗೊತ್ತಿದ್ದದ್ದು ಎರಡೇ ಕೆಲಸ: ಹೊಲದಲ್ಲಿ ದುಡಿಯುವುದು, ಅಣ್ಣ ಹೇಳಿದ್ದಕ್ಕೆ ಹೂಂ ಅನ್ನುವುದು.

ನಮ್ಮ ಕಡೆ ಸೊಸೆಯಾದವಳು ಗಂಡನ ಅಣ್ಣನೊಂದಿಗೆ ನೇರವಾಗಿ ಮಾತಾಡುವಂತಿಲ್ಲ. ಅವರು ಪಡಸಾಲೆಗೆ ಬಂದರೆ ಸೆರಗು ಮುಂದೆ ಎಳೆದುಕೊಂಡು ಒಳಗೆ ಸರಿಯಬೇಕು. ಹೇಳುವುದೇನಾದರೂ ಇದ್ದರೆ ನಡುವೆ ಒಬ್ಬರು ಬೇಕು. ಮೊದಲು ಆ ಕೆಲಸ ಅತ್ತೆಯದಾಗಿತ್ತು. ಅವರ ಕಿವಿ ಮಂದವಾದ ಮೇಲೆ ನನ್ನ ಮಗಳ ಪಾಲಿಗೆ ಬಂತು. ಮಾತು ಸ್ಪಷ್ಟವಾದಾಗಿನಿಂದ ಅವಳು "ಅವ್ವ ಹಿಂಗಂತಾಳ್ರಿ ದೊಡ್ಡಪ್ಪ", "ದೊಡ್ಡಪ್ಪ ಹಂಗಂತಾರ ಅವ್ವಾ" ಎಂದು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಲೇ ಬೆಳೆದಳು. ನನ್ನ ಸಿಟ್ಟನ್ನು ಅಲ್ಲಿಗೆ ಮುಟ್ಟಿಸುವಾಗ ಸ್ವಲ್ಪ ತಣ್ಣಗೆ ಮಾಡಿ ಮುಟ್ಟಿಸುತ್ತಿದ್ದಳು, ಜಾಣೆ.

ಆ ಮನೆಯಲ್ಲಿ ಸಗಣಿಗೂ ಒಂದು ಕಟ್ಟಳೆ ಇತ್ತು. ಬೆಳಗಿನ ಸಗಣಿ ಹೆಂಗಸರದು, ಸಂಜೆಯದು ತಿಪ್ಪೆಯದು. ಬೆಳಗಿನದಕ್ಕೆ ಹೊಟ್ಟು ಕಲಸಿ, ಹಿತ್ತಲ ಗೋಡೆಗೆ ಕುಳ್ಳು ತಟ್ಟಿ, ಒಣಗಿದ ಮೇಲೆ ಬಣವೆ ಒಟ್ಟುತ್ತಿದ್ದೆವು. ವರ್ಷದ ಉರುವಲು ಅದೇ. ಅತ್ತೆ ಕೈಲಾಗದೆ ಕೂತಾಗ ನನಗೆ ತಿಜೋರಿಯ ಕೀಲಿ ಕೊಡಲಿಲ್ಲ, ಕುಳ್ಳಿನ ಬಣವೆ ಕೊಟ್ಟರು. "ಇದು ಇನ್ನ ನಿಂದವಾ. ಇದರಾಗ ಯಾರೂ ಕೈ ಹಾಕೂದಿಲ್ಲ" ಅಂದರು. ಯಾರೂ ಹಾಕುತ್ತಿರಲಿಲ್ಲ. ಓಣಿಯಲ್ಲಿ ಬಾಣಂತಿಗೆ ನೀರು ಕಾಯಿಸಲು ಕುಳ್ಳು ಬೇಕಾದರೆ ನನ್ನನ್ನು ಕೇಳಿಕೊಂಡು ಬರುತ್ತಿದ್ದರು, ನನ್ನ ಗಂಡನನ್ನಲ್ಲ. ಕೊಡುತ್ತೇನೆ ಅನ್ನಲು, ಕೊಡುವುದಿಲ್ಲ ಅನ್ನಲು ಆ ಮನೆಯಲ್ಲಿ ನನಗಿದ್ದದ್ದು ಅದೊಂದೇ.

ಒಂದು ಬೇಸಿಗೆ ರಜೆಯಲ್ಲಿ ಭಾವನವರು ಮಹಾರಾಷ್ಟ್ರದ ಕಡೆ ಯಾವುದೋ ಶಿಬಿರಕ್ಕೆ ಹೋಗಿ ಬಂದರು. ಹೋಗುವಾಗ ಮಾಸ್ತರರಾಗಿದ್ದರು, ಬರುವಾಗ ಪ್ರವಚನಕಾರರಾಗಿ ಬಂದರು. ಹೊಳೆಯ ಕಡೆಯ ಎರಡು ಎಕರೆಗೆ ಯೂರಿಯಾದಂಥ ಸರಕಾರಿ ಗೊಬ್ಬರ ನಿಂತಿತು. ರವದಿ, ಅಂದರೆ ಕಬ್ಬಿನ ಒಣಗಿದ ಎಲೆ, ಸುಡುವುದು ನಿಂತಿತು. ಅದನ್ನು ಸಾಲಿನಲ್ಲೇ ಹಾಸಿ ಕೊಳೆಯಲು ಬಿಟ್ಟರು. ಬೇವಿನ ಗಿಡಕ್ಕೆ ಕರಿಹಲಗೆ ತೂಗುಹಾಕಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು, ಕಬ್ಬಿನ ಹಂಗಾಮು ಮುಗಿದ ಮೇಲೆ ದೊಡ್ಡವರು ಬರತೊಡಗಿದರು. ರಾಯಬಾಗ, ಕಾಗವಾಡ, ಕಬ್ಬೂರ ಕಡೆಯಿಂದಲೂ ಬಂದರು. ಇದ್ದದ್ದನ್ನು ಹೇಳಬೇಕು, ಆ ಎರಡು ಎಕರೆಯ ಮಣ್ಣು ಒಳ್ಳೆಯದಾಯಿತು. ಹಿಡಿದರೆ ಹಿಟ್ಟಿನಂತೆ ಕೈಗೆ ಬರುತ್ತಿತ್ತು. ಬಂದವರೆಲ್ಲ ಮುಟ್ಟಿ ನೋಡಿ, ತಲೆದೂಗಿ, ನಮ್ಮ ಮನೆಯಲ್ಲಿ ರೊಟ್ಟಿ ಝುಣಕ ತಿಂದು, ಕೈ ತೊಳೆದುಕೊಂಡು ಹೋಗುತ್ತಿದ್ದರು.

ಆಮೇಲೆ ಭಾವನವರ ಕಣ್ಣು ಸಗಣಿಯ ಮೇಲೆ ಬಿತ್ತು. ಒಂದು ಶನಿವಾರ ಮಕ್ಕಳ ಸಾಲನ್ನು ತೋಟದಿಂದ ಸೀದಾ ನಮ್ಮ ಹಿತ್ತಲಿಗೆ ತಂದರು. ನಾನು ಕುಳ್ಳು ತಟ್ಟುತ್ತಿದ್ದೆ. ನನ್ನ ಕಡೆ ನೋಡದೆ, ಕೈಯಲ್ಲಿದ್ದ ಕೋಲಿನಿಂದ ಗೋಡೆ ತೋರಿಸಿದರು.

"ನೋಡ್ರಿ ಇಲ್ಲಿ. ಭೂಮಿತಾಯಿ ಬಾಯಾಗಿನ ತುತ್ತ ಕಸಗೊಂಡು ಗ್ವಾಡಿಗೆ ಹಚ್ಯಾರ. ಯಾರ ಮನ್ಯಾಗ ಸಗಣಿ ಸುಡತಾರ, ಕೈ ಎತ್ತರಿ."

ಎಲ್ಲರ ಮನೆಯಲ್ಲೂ ಸುಡುತ್ತಿದ್ದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಮೇಲೆದ್ದದ್ದು ನನ್ನ ಮಗಳ ಕೈ. ಆಗ ನಾಲ್ಕನೆಯ ಇಯತ್ತೆಯಲ್ಲಿದ್ದಳು. "ನಮ್ಮ ಮನ್ಯಾಗ ಸುಡತಾರ್ರಿ" ಅಂದಳು. ಭಾವನವರು ಅವಳ ತಲೆ ಸವರಿ, "ಖರೇ ಹೇಳಾಕ ಎದಿ ಬೇಕು, ನೋಡ್ರಿ" ಅಂದರು. ನನ್ನ ಎರಡೂ ಕೈ ಮೊಣಕೈತನಕ ಸಗಣಿ. ಸೆರಗು ಎಳೆದುಕೊಳ್ಳಲೂ ಬರಲಿಲ್ಲ. ಕೈಯಲ್ಲಿದ್ದ ಮುದ್ದೆಯನ್ನು ಅವರ ಬಿಳಿ ಧೋತರಕ್ಕೆ ಬೀಸಿ ಒಗೆಯಬೇಕು ಅನ್ನಿಸಿತು. ಒಗೆಯದೆ ಗೋಡೆಗೇ ತಟ್ಟಿದೆ.

ಸಂಜೆಗೆ ಹುಕುಂ ಬಂತು. ತಂದವಳು ಮಗಳು.

"ನಾಳಿಯಿಂದ ಮುಂಜಾನಿ ಸಗಣಿನೂ ಗೊಬ್ಬರದ ಗುಂಡಿಗೆ ಹೋಗಬೇಕಂತ. ದೊಡ್ಡಪ್ಪ ಹೇಳ್ಯಾರ."

"ಹಂಗಾರ ಒಲಿಗೆ ಏನ ಹಾಕ್ಲಿ? ನನ್ನ ಕೈಕಾಲ ಹಾಕ್ಲೇನು? ಕೇಳಿ ಬಾ ಹೋಗು."

ಹೋಗಿ ಬಂದಳು. "ಗೋಬರ್ ಗ್ಯಾಸ್ ಮಾಡಸ್ತಾರಂತ. ಅಲ್ಲೀತನಕ ಬಣವಿ ಐತೆಲ್ಲಾ ಅಂತಾರ." ಅಷ್ಟು ಹೇಳಿ ಹೋಗಬೇಕಾದವಳು ಬಾಗಿಲಲ್ಲಿ ನಿಂತಳು. "ಖರೇನ ಐತೆವ್ವಾ. ಸಗಣಿ ಸುಟ್ರ ಭೂಮಿ ಸಾಯತೈತಿ" ಅಂದಳು.

ಇದು ಯಾರೂ ಹೇಳಿ ಕಳಿಸಿದ ಮಾತಾಗಿರಲಿಲ್ಲ. ಅವಳದೇ. ಸಗಣಿ ಹೋದರೆ ಹೋಯಿತು, ಆದರೆ ಹೆತ್ತ ಮಗಳು ನನ್ನ ಒಲೆಯನ್ನು ಪಾಪದ ಒಲೆ ಅನ್ನುವಂತಾಗಿದ್ದಳು. ಮಕ್ಕಳಿಲ್ಲದ ಆ ಮನುಷ್ಯ ನನ್ನ ಸಗಣಿಯ ಜೊತೆಗೆ ನನ್ನ ಮಗಳನ್ನೂ ಒಯ್ಯುತ್ತಿದ್ದಾರೆ ಎಂದು ಅಂದೇ ನನಗೆ ಖಾತ್ರಿಯಾಯಿತು. ಗಂಡನ ಮುಖ ನೋಡಿದೆ. ಅವರು ಮಾಡಿನ ಜಂತಿ ನೋಡುತ್ತ ಕೂತಿದ್ದರು.

ಗೋಬರ್ ಗ್ಯಾಸಿಗೆ ಗುಂಡಿ ತೋಡಿದ್ದಾಯಿತು. ಅದರ ಮೇಲೆ ಕೂರಿಸುವ ಗ್ಯಾಸಿನ ಡ್ರಮ್ಮು ಬರಲೇ ಇಲ್ಲ. ಮಳೆಗಾಲದಲ್ಲಿ ಗುಂಡಿ ತುಂಬಿ ಕಪ್ಪೆಗಳು ಸೇರಿಕೊಂಡವು. ದೊಡ್ಡವರ ಶಿಬಿರದಲ್ಲಿ ಆ ಗುಂಡಿಯನ್ನೂ ತೋರಿಸಿ ಅರ್ಧ ತಾಸು ಪಾಠ ಮಾಡುತ್ತಿದ್ದರು. ಇತ್ತ ನನ್ನ ಬಣವೆ ಇಳಿಯುತ್ತ ಬಂತು. ಪ್ರತಿ ಶನಿವಾರದ ಊಟ ಅದರಿಂದ ಎರಡು ಮೂರು ಬುಟ್ಟಿ ತಿನ್ನುತ್ತಿತ್ತು. ಪಕ್ಕದ ಮನೆಯಾಕೆ ಸೊಸೆಯ ಬಾಣಂತನಕ್ಕೆ ಕುಳ್ಳು ಕೇಳಲು ಬಂದಾಗ, ಇಲ್ಲ ಅಂದೆ. ಆಕೆ ನಂಬದೆ ಹಿತ್ತಲಿಗೆ ಹೋಗಿ ನೋಡಿ ಬಂದಳು. "ಮಾಸ್ತರ ಮನ್ಯಾಗ ಇದ್ದೂ ಇಲ್ಲದಂಗ ಆತೇನವಾ" ಅಂದು ಹೋದಳು. ರೇಷನ್ನಿನ ಚಿಮಣಿ ಎಣ್ಣೆ ದೀಪಕ್ಕೇ ಸಾಲದು. ರವದಿಯೆಲ್ಲ ಸಾಲಿನಲ್ಲಿ ಕೊಳೆಯುತ್ತಿತ್ತು. ನಿಪ್ಪಾಣಿ ಕಡೆಯಿಂದ ತಂಬಾಕಿನ ದಂಟು ತರಿಸಿ ಹಚ್ಚಿದೆ. ಆ ಹೊಗೆಗೆ ಅತ್ತೆ ರಾತ್ರಿಯೆಲ್ಲ ಕೆಮ್ಮಿದರು. ಒಲೆಯ ಸಂಕಟ ಹೇಳಿ ಕಳಿಸಿದಾಗೆಲ್ಲ ಒಂದೇ ಉತ್ತರ: "ಸ್ವಲ್ಪ ತಡಕೋ ಅಂತ ಹೇಳು."

ಆ ಹೊತ್ತಿಗೆ ತೋಟದ ಬದುವಿನ ಮೇಲೆ ಸುಬಾಬುಲ್ ಗಿಡಗಳು ಎದ್ದಿದ್ದವು. ಭಾವನವರು ಒಂದೊಂದು ಮಗುವಿನ ಕೈಯಿಂದ ಒಂದೊಂದು ಗಿಡ ನೆಡಿಸಿದ್ದರು. ಗುರುತಿಗೆ ಮಕ್ಕಳು ತಮ್ಮ ತಮ್ಮ ಹಳೆಯ ಅರಿವೆಯ ಚೂರು ಕಟ್ಟಿದ್ದರು. ನನ್ನ ಮಗಳದು ಬಾವಿಯ ಮೂಲೆಯ ಗಿಡ, ಅದಕ್ಕೆ ಅವಳ ಹಸಿರು ಲಂಗದ ಅಂಚು. ಶಾಲೆಗೆ ಹೋಗುವಾಗ ಒಂದು ತಂಬಿಗೆ, ಬರುವಾಗ ಒಂದು ತಂಬಿಗೆ ನೀರು ಹಾಕುತ್ತಿದ್ದಳು. ಎರಡು ವರ್ಷಕ್ಕೆ ಅದು ಅವಳ ತಲೆ ಮೀರಿ ಮಾಡಿನ ಎತ್ತರಕ್ಕೆ ಹೋಗಿತ್ತು.

ಒಂದು ದಿನ ಬೆಳಗಾವಿಯಿಂದ ಕೃಷಿ ಇಲಾಖೆಯ ಸಾಹೇಬರು ತೋಟ ನೋಡಲು ಬರುತ್ತಾರೆಂದಾಯಿತು. ಜೊತೆಗೆ ಸುತ್ತಲಿನ ಊರಿನ ರೈತರು, ಶಾಲೆಯ ಮಕ್ಕಳು. ಐವತ್ತು ಅರವತ್ತು ಮಂದಿಗೆ ಅಡುಗೆ ಮಾಡಬೇಕೆಂದು ಮಗಳ ಕೈಯಲ್ಲಿ ಹೇಳಿ ಕಳಿಸಿದರು. ಬಣವೆಯ ಜಾಗದಲ್ಲಿ ಉಳಿದದ್ದು ಪುಡಿ ಮಾತ್ರ. ಓಣಿಯಲ್ಲಿ ಕೈಯೊಡ್ಡಿದ್ದರೆ ಯಾರಾದರೂ ನಾಲ್ಕು ಬುಟ್ಟಿ ಕುಳ್ಳು ಕೊಡುತ್ತಿದ್ದರು. ನಾನು ಕೇಳಲಿಲ್ಲ. ಬೆಳಿಗ್ಗೆ ಎದ್ದು ಜೋಳದ ಹಿಟ್ಟು ಸೋಸಿದೆ, ಉಳ್ಳಾಗಡ್ಡಿ ಹೆಚ್ಚಿದೆ, ಹಂಚು ತೊಳೆದು ತಣ್ಣನೆಯ ಒಲೆಯ ಮೇಲಿಟ್ಟು ಅದರ ಮುಂದೆ ಕೂತೆ. ಜೀಪು ಬಂದ ಸದ್ದಾಯಿತು. ಜನ ಬೇವಿನ ಗಿಡದ ಕೆಳಗೆ ಸೇರಿದರು. ಆಗ ಮಗಳನ್ನು ಕರೆದೆ.

"ಹೋಗಿ ಹೇಳು. ಹಿಟ್ಟ ಐತಿ, ಉಳ್ಳಾಗಡ್ಡಿ ಐತಿ, ಮಾಡಾಕ ನಾನೂ ಅದೀನಿ. ಸುಡಾಕ ಏನೂ ಇಲ್ಲ. ಎಲ್ಲಾ ಭೂಮಿತಾಯಿಗೆ ಕೊಟ್ಟೇವಿ ಅಂತ ಹೇಳು."

"ಅಷ್ಟ ಮಂದಿ ಮುಂದ ಹೆಂಗ ಹೇಳ್ಲೆವ್ವಾ?"

"ಮಂದಿ ಮುಂದನ ಹೇಳು. ಸಣ್ಣ ದನಿಲೆ ಹೇಳಬ್ಯಾಡ."

ಅವಳು ಹೋದಳು. ಹಿತ್ತಲ ಗೋಡೆಯ ಮರೆಯಿಂದ ನಾನು ನೋಡಿದೆ. ಅವಳು ಮುಂದೆ ನಿಂತು ಹೇಳಿದಳು, ಒಂದು ಮಾತೂ ತಣ್ಣಗೆ ಮಾಡದೆ ಹೇಳಿದಳು. ಕೆಲವರು ನಕ್ಕರು. ಸಾಹೇಬರು ಭಾವನವರ ಕಡೆ ತಿರುಗಿದರು. ಆ ಕ್ಷಣ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಗೋಡೆಯ ಮುಂದೆ ನನ್ನ ಮಗಳ ಕೈ ಎತ್ತಿಸಿದವರಿಗೆ, ಅವರ ಹಲಗೆಯ ಮುಂದೆ ನನ್ನ ಮಗಳ ಬಾಯಿಂದಲೇ ಉತ್ತರ ಕೊಡಿಸಿದ್ದೆ.

ಭಾವನವರು ಕೋಲು ಎತ್ತಿ ಬದುವಿನ ಕಡೆ ತೋರಿಸಿದರು. ಆಮೇಲೆ ಸಾಹೇಬರಿಗೆ ಕೇಳುವಂತೆ, "ಇದೂ ಒಂದು ಪಾಠನರಿ. ಸುಬಾಬುಲ್ ಉರುವಲಕ್ಕೂ ಬರತೈತಿ, ಅದಕ್ಕಂತನ ಬದುವಿಗೆ ಹಚ್ಚೀವಿ" ಅಂದರು. ಆಳಿಗೆ ಕೊಡಲಿ ತರಲು ಹೇಳಿದರು. ಮಕ್ಕಳ ಸಾಲು ಗುಜುಗುಜು ಅಂದಾಗ, "ಮದಲ ನಮ್ಮ ಮನೀದ ಕಡಿ" ಅಂದರು. ಬಾವಿಯ ಮೂಲೆಯಿಂದ ಕೊಡಲಿಯ ಸದ್ದು ಬಂತು. ಸಾಹೇಬರು ಮೆಚ್ಚಿ ತಲೆಯಾಡಿಸಿದರು.

ಗಿಡವನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ತಂದವಳು ಮಗಳೇ. ಆಳಿಗೆ ಮುಟ್ಟಗೊಡಲಿಲ್ಲವಂತೆ. ಹಸಿರು ಅಂಚು ಇನ್ನೂ ಅದಕ್ಕಿತ್ತು. "ತಗೋ" ಅಂದು ಹೊಸ್ತಿಲ ಹತ್ತಿರ ಹಾಕಿದಳು. ಇನ್ನು ಮಾಡುವುದಿಲ್ಲ ಅನ್ನಲು ನನಗೆ ದಾರಿ ಉಳಿದಿರಲಿಲ್ಲ. ಹಿಂದಿನಿಂದ ಆಳು ಇನ್ನೂ ಐದಾರು ಗಿಡ ತಂದು ತುಂಡು ಮಾಡಿದ. ಹಸಿ ಕಟ್ಟಿಗೆ, ಹತ್ತಲೊಲ್ಲದು. ದೀಪದ ಚಿಮಣಿ ಎಣ್ಣೆಯನ್ನೆಲ್ಲ ಸುರಿದು ಹೊತ್ತಿಸಿದೆ. ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ರೊಟ್ಟಿ ಬಡಿದೆ. ಮಗಳು ಪಕ್ಕದಲ್ಲಿ ಕೂತು ಊದುಗೊಳವೆಯಿಂದ ಊದಿದಳು, ನಾನು ಹೇಳದಿದ್ದರೂ ಊದಿದಳು. ಬಂದವರು ಉಂಡು, ರೊಟ್ಟಿ ಚಲೋ ಆಗ್ಯಾವ ಅಂದು, ಜೀಪು ಹತ್ತಿ ಹೋದರು.

ಹೊತ್ತು ಇಳಿದಿತ್ತು. ನಾನು ಮಗಳನ್ನು ಹತ್ತಿರ ಕರೆದೆ. ಈಗಲಾದರೂ ಅವಳು ನನ್ನ ಕಡೆ ಬರುತ್ತಾಳೆ ಎಂದು ನನಗೆ ಪೂರ್ತಿ ಭರವಸೆ ಇತ್ತು.

"ನೋಡಿದೆಲ್ಲ ನಿಮ್ಮ ದೊಡ್ಡಪ್ಪ ಎಂಥವರು ಅಂತ. ಸಾಹೇಬರ ಮುಂದ ಮರ್ಯಾದಿ ಉಳಿಸ್ಕೊಳ್ಳಾಕ ನಿನ್ನ ಗಿಡನ ಕಡಸಿದ್ರು."

"ಅವರೇನ ಮಾಡಬೇಕಿತ್ತು?" ಅಂದಳು. "ಒಲಿ ನಿಂದಲ್ಲೇನ? ನಿನಗ ಗೊತ್ತಿತ್ತು ಇಷ್ಟ ಮಂದಿ ಬರತಾರಂತ. ನೀ ನನ್ನ ಬಾಯಿಲೆ ಹೇಳಿಸಿ ಕಡಸಿದಿ."

ಅವಳ ಕೆನ್ನೆಗೆ ಹೊಡೆಯಲು ಎದ್ದ ಕೈ ಹಾಗೇ ನಿಂತಿತು. ನನ್ನದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೈ ಇಳಿಸಿ, "ಪಡಸಾಲಿಗೆ ಹೋಗು. ನಾಳಿಯಿಂದ ಮುಂಜಾನಿ ಸಗಣಿ ನಂದು ಅಂತ ಹೇಳಿ ಬಾ" ಅಂದೆ.

"ನಾ ಹೇಳೂದಿಲ್ಲ. ನೀನ ಹೇಳು."

ಮದುವೆಯಾಗಿ ಬಂದಾಗಿನಿಂದ ಭಾವನವರಿದ್ದಾಗ ದಾಟದ ಹೊಸ್ತಿಲು ದಾಟಿದೆ. ಸೆರಗು ಹೊದ್ದುಕೊಂಡು, ಪಡಸಾಲೆಯ ಕಂಬದ ಹತ್ತಿರ ನಿಂತು, "ನಾಳಿಯಿಂದ ಮುಂಜಾನಿ ಸಗಣಿ ನಂದರಿ. ಗುಂಡಿಗೆ ಬರೂದಿಲ್ಲ" ಅಂದೆ. ನನ್ನ ಗಂಡ ಚಾಪೆಯಿಂದ ಎದ್ದು ನಿಂತರು. ಭಾವನವರು ನನ್ನ ಕಡೆ ತಿರುಗಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ, "ಏನಂತಾಳ ನಿಮ್ಮವ್ವ?" ಎಂದು ಕೇಳಿದರು.

"ನನಗ ಗೊತ್ತಿಲ್ಲರಿ" ಅಂದಳು ಅವಳು.

ಮರುದಿನ ಬೆಳಿಗ್ಗೆ ಸಗಣಿ ಎತ್ತಲು ಆಳು ಬರಲಿಲ್ಲ. ಯಾರೂ ಏನೂ ಹೇಳದೆ ಅದು ಮತ್ತೆ ನನ್ನದಾಯಿತು, ನಾನು ಗೋಡೆಗೆ ಕುಳ್ಳು ತಟ್ಟಿದೆ. ಮುಂದಿನ ಶನಿವಾರ ಮಕ್ಕಳು ತೋಟಕ್ಕೆ ಬಂದರು. ಮಗಳು ಅಜ್ಜಿಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಾಠ ಶುರುವಾಗುತ್ತದೆ ಎಂದು ಪಡಸಾಲೆಯಿಂದ ಭಾವನವರು ಕರೆದರು. ಬಿಸಿ ರೊಟ್ಟಿ ಆರುತ್ತದೆ ಎಂದು ಅಡುಗೆಮನೆಯಿಂದ ನಾನು ಕರೆದೆ. ಅವಳು ಏಳಲಿಲ್ಲ.